ಹೆತ್ತವರ ಮೇಲೆ ಕೈ ಎತ್ತುವ ಮಕ್ಕಳು: ನಿದಾನ ಮತ್ತು ನಿವಾರಣೆ

ತಾಯಿ ತಂದೆಗಳನ್ನು ಪ್ರತ್ಯಕ್ಷ ದೈವವೆಂದು ಕಾಣುವ ಪರಂಪರೆ ನಮ್ಮದು. ಅಂತಹ ನಾಡಿನಲ್ಲಿಯೂ ಮಗನೇ ತಂದೆಯನ್ನು ಕೊಂದನು, ತಾಯಿಯ ಪ್ರಾಣವನ್ನೇ ತೆಗೆದನು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಓದಿದವರು ‘ಇದು ಕಲಿಗಾಲ’ ಎಂದು ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತಾರೆ. ಆ ಮಾತಿನಿಂದ ಮನಸ್ಸಿಗೆ ಒಂದಿಷ್ಟು ಸಮಾಧಾನ ದೊರೆಯಬಹುದು, ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯದೆ ಚಿಕಿತ್ಸೆಯೂ ಇಲ್ಲ, ತಡೆಯೂ ಇಲ್ಲ. ರೋಗದ ಮೂಲವನ್ನು ಅರಿತು ಅದನ್ನು ದೂರಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂದು ಆಯುರ್ವೇದವು ಹೇಳುತ್ತದೆ. ಆ ದೃಷ್ಟಿಯಿಂದಲೇ ಈ ಘೋರ ಕೃತ್ಯದ ನಿದಾನವನ್ನು ಇಲ್ಲಿ ವಿಚಾರಿಸೋಣ.

ಸುಶ್ರುತಾಚಾರ್ಯರು ರೋಗವು ಬೆಳೆಯುವ ಕ್ರಮವನ್ನು ಆರು ಹಂತಗಳಾಗಿ ವಿಂಗಡಿಸಿದ್ದಾರೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ ಮತ್ತು ಭೇದ. ದೋಷವು ಮೊದಲು ಕೂಡಿಕೊಳ್ಳುತ್ತದೆ, ಬಳಿಕ ಕೆರಳುತ್ತದೆ, ಹರಡುತ್ತದೆ, ದುರ್ಬಲವಾದ ಒಂದೆಡೆ ನೆಲೆಗೊಳ್ಳುತ್ತದೆ, ಅನಂತರವೇ ರೋಗವಾಗಿ ಪ್ರಕಟವಾಗುತ್ತದೆ. ಕೊನೆಯದಾದ ಭೇದಾವಸ್ಥೆಯಲ್ಲಿ ವೈದ್ಯನ ಕೈಯಲ್ಲಿ ಉಳಿಯುವುದು ಅಲ್ಪ. ಪತ್ರಿಕೆಗೆ ಸುದ್ದಿಯಾಗುವುದು ಈ ಕೊನೆಯ ಹಂತ ಮಾತ್ರ. ಅದಕ್ಕೆ ಹಿಂದಿನ ಹಂತಗಳು ಮನೆಯೊಳಗೆ ತಿಂಗಳುಗಟ್ಟಲೆ, ಎಷ್ಟೋ ಕಡೆ ವರ್ಷಗಟ್ಟಲೆ ನಡೆದಿರುತ್ತವೆ. ಮನೆಯವರು ಅವನ್ನು ಕಂಡಿರುತ್ತಾರೆ. ಆದರೆ ಮರ್ಯಾದೆಗೆ ಅಂಜಿ ಬಾಯಿ ಬಿಟ್ಟಿರುವುದಿಲ್ಲ.

ಪ್ರಾಚೀನರೂ ಬೆರಗಾದ ಅಪರಾಧ

ಪ್ರಾಚೀನ ಗ್ರೀಸಿನ ಶಾಸನಕರ್ತನಾದ ಸೋಲನ್ ಪಿತೃಹತ್ಯೆಗೆ ಶಿಕ್ಷೆಯನ್ನೇ ವಿಧಿಸಲಿಲ್ಲವಂತೆ. ಕಾರಣ ಕೇಳಿದಾಗ, ಇಂತಹದನ್ನು ಯಾರಾದರೂ ಮಾಡಿಯಾರೆಂದು ತಾನು ಭಾವಿಸಲಿಲ್ಲವೆಂದು ಅವನು ಉತ್ತರಿಸಿದನೆಂದು ರೋಮಿನ ವಾಗ್ಮಿ ಸಿಸೆರೊ ಹೇಳಿದ್ದಾನೆ. ರೋಮನ್ನರಾದರೋ ಇಂತಹ ಅಪರಾಧಿಯನ್ನು ನಾಯಿ, ಹುಂಜ, ಸರ್ಪ, ಕೋತಿಗಳೊಡನೆ ಚರ್ಮದ ಚೀಲದಲ್ಲಿ ಹೊಲಿದು ನೀರಿಗೆ ಎಸೆಯುವ ಭಯಂಕರ ಶಿಕ್ಷೆಯನ್ನು ವಿಧಿಸಿದ್ದರು. ನಮ್ಮ ದೇಶದ ಇತಿಹಾಸದಲ್ಲಿಯೂ ಕ್ರಿ.ಪೂ. 5ನೆಯ ಶತಮಾನದ ಮಗಧದಲ್ಲಿ ಅಜಾತಶತ್ರುವು ತಂದೆ ಬಿಂಬಿಸಾರನನ್ನು ಸೆರೆಯಲ್ಲಿಟ್ಟು ಸಾಯಿಸಿದನೆಂದೂ, ಮುಂದೆ ಅವನೂ ತನ್ನ ಮಗನ ಕೈಯಿಂದಲೇ ಹತನಾದನೆಂದೂ ಬೌದ್ಧ ಪರಂಪರೆ ತಿಳಿಸುತ್ತದೆ. ಆದುದರಿಂದ ಇದು ಕೇವಲ ಈ ಕಾಲದ ಕೇಡಲ್ಲ. ಕಲಿಗಾಲವನ್ನು ದೂರಿ ಪ್ರಯೋಜನವಿಲ್ಲ.

ಈ ಕೃತ್ಯವು ಅಪರೂಪವೆಂಬುದನ್ನೂ ಮರೆಯಬಾರದು. ಅಮೆರಿಕ ದೇಶದ ಅಂಕಿಅಂಶಗಳಂತೆ ಅಲ್ಲಿ ನಡೆಯುವ ಒಟ್ಟು ಕೊಲೆಗಳಲ್ಲಿ ಸುಮಾರು ಶೇಕಡ 2ರಷ್ಟು ಮಾತ್ರ ಈ ವರ್ಗಕ್ಕೆ ಸೇರುತ್ತವೆ. ಕೊಂದವರಲ್ಲಿ ಹೆಚ್ಚಿನವರು ಚಿಕ್ಕ ಬಾಲಕರಲ್ಲ, ವಯಸ್ಸಿಗೆ ಬಂದ ಗಂಡುಮಕ್ಕಳು. ಫ್ಲಾರಿಡಾದ ಅಪರಾಧಶಾಸ್ತ್ರ ವಿದುಷಿ ಕ್ಯಾಥ್ಲೀನ್ ಹೈಡ್ ಅವರು ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿ 1992ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತೀವ್ರ ಮಾನಸಿಕ ರೋಗಕ್ಕೆ ಒಳಗಾದವರು, ಬಾಲ್ಯದಿಂದ ಮನೆಯಲ್ಲಿಯೇ ಕ್ರೂರ ಹಿಂಸೆ ಉಂಡವರು, ಸ್ವಾರ್ಥಕ್ಕಾಗಿ ಯಾವುದಕ್ಕೂ ಹೇಸದವರು ಎಂದು ಅವರು ಮೂರು ಬಗೆಗಳನ್ನು ಗುರುತಿಸಿದ್ದಾರೆ. ಮೂರರ ಮೂಲವೂ ಬೇರೆ. ಆದುದರಿಂದ ಪರಿಹಾರವೂ ಬೇರೆ. ಎಲ್ಲರನ್ನೂ ಒಂದೇ ಮಾತಿನಿಂದ ‘ಕುಲಕ್ಕೆ ಕುಠಾರ’ ಎಂದು ಜರೆದರೆ ರೋಗಿಯೂ ಪೀಡಿತನೂ ಲೋಭಿಯೂ ಒಂದೇ ಆಗಿಬಿಡುತ್ತಾರೆ.

ಮೊದಲನೆಯದು: ಉನ್ಮಾದ

ಇಂಗ್ಲೆಂಡಿನಲ್ಲಿ ರಿಚರ್ಡ್ ಡ್ಯಾಡ್ ಎಂಬ ಪ್ರತಿಭಾವಂತ ಚಿತ್ರಕಾರನಿದ್ದನು. 1842ರಲ್ಲಿ ಈಜಿಪ್ಟ್ ಮೊದಲಾದ ದೇಶಗಳಿಗೆ ಪ್ರವಾಸ ಹೋದಾಗ ಅವನ ವರ್ತನೆ ಬದಲಾಗತೊಡಗಿತು. ಈಜಿಪ್ಟಿನ ಪುರಾತನ ದೇವತೆಯೊಂದು ತನ್ನನ್ನು ನಡೆಸುತ್ತಿದೆ ಎಂದು ನಂಬತೊಡಗಿದನು. ಬಿಸಿಲಿನ ಹೊಡೆತದಿಂದ ಹೀಗಾಗಿರಬೇಕೆಂದು ಆಪ್ತರು ಭಾವಿಸಿದರು. ಊರಿಗೆ ಮರಳಿದ ಮೇಲೆ ಲಂಡನ್ನಿನ ಮಾನಸಿಕ ರೋಗತಜ್ಞರೊಬ್ಬರು ಪರೀಕ್ಷಿಸಿ, ಇವನ ಬುದ್ಧಿ ಸ್ವಸ್ಥವಿಲ್ಲ, ರಕ್ಷಣೆಯಲ್ಲಿ ಇರಿಸಬೇಕೆಂದು ಸೂಚಿಸಿದರು. ತಂದೆ ರಾಬರ್ಟ್ ಡ್ಯಾಡ್ ಹಿಂದೆ ಔಷಧ ವ್ಯಾಪಾರಿಯಾಗಿದ್ದವನು, ಮಗನಲ್ಲಿ ಅಪಾರ ಪ್ರೀತಿಯುಳ್ಳವನು. ಮಗನನ್ನು ತಾನೇ ನೋಡಿಕೊಳ್ಳುವೆನೆಂದು ಜೊತೆಯಲ್ಲಿಟ್ಟುಕೊಂಡನು. 1843ರ ಆಗಸ್ಟ್ ತಿಂಗಳಲ್ಲಿ ಇಬ್ಬರೂ ಕಾಬಮ್ ಎಂಬ ಊರಿಗೆ ಹೋಗಿದ್ದಾಗ, ತಂದೆಯ ರೂಪದಲ್ಲಿ ಸೈತಾನನೇ ಬಂದಿರುವನೆಂದು ಭ್ರಮಿಸಿದ ಮಗನು ಅವನನ್ನು ಕೊಂದನು. ಆಗ ಅವನಿಗೆ 26 ವರ್ಷ. ಉಳಿದ ಆಯುಷ್ಯವೆಲ್ಲ, 1886ರಲ್ಲಿ ಸಾಯುವವರೆಗೂ, ಮಾನಸಿಕ ಆಸ್ಪತ್ರೆಗಳಲ್ಲಿಯೇ ಕಳೆಯಿತು. ಅಲ್ಲಿ ಅವನು ಬರೆದ ಚಿತ್ರಗಳು ಇಂದು ಲಂಡನ್ನಿನ ಕಲಾಸಂಗ್ರಹಾಲಯದಲ್ಲಿವೆ.

ಈ ವೃತ್ತಾಂತದಲ್ಲಿ ದ್ವೇಷವೆಂಬುದಿಲ್ಲ. ತಂದೆಯಲ್ಲಿ ಪ್ರೀತಿಯಿತ್ತು, ಮಗನಲ್ಲಿ ರೋಗವಿತ್ತು, ವೈದ್ಯರ ಸಲಹೆಯೂ ದೊರೆತಿತ್ತು. ಆದರೂ ಅನಾಹುತವಾಯಿತು.

ಉನ್ಮಾದವೆಂದರೆ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಈ ಎಂಟೂ ಕೆಡುವ ಸ್ಥಿತಿಯೆಂದು ಚರಕಸಂಹಿತೆಯು ವಿವರಿಸುತ್ತದೆ. ಇಲ್ಲಿ ‘ಭಕ್ತಿ’ ಎಂದರೆ ಇಷ್ಟ, ಒಲವು ಎಂದರ್ಥ. ನಿನ್ನೆಯವರೆಗೆ ಅವ್ವನ ಕೈಯ ಊಟವನ್ನೇ ಬಯಸುತ್ತಿದ್ದ ಮಗನು ಇಂದು ಅದರಲ್ಲಿ ವಿಷ ಬೆರೆತಿದೆ ಎಂದು ದೂರುವನಾದರೆ, ಕೆಟ್ಟಿರುವುದು ಈ ಭಕ್ತಿಯೇ. ಅದು ಅವನ ಗುಣವಲ್ಲ, ರೋಗದ ಲಕ್ಷಣ.

ಆಧುನಿಕ ವೈದ್ಯಶಾಸ್ತ್ರವು ಸ್ಕಿಜೋಫ್ರೀನಿಯಾ, ಕನ್ನಡದಲ್ಲಿ ಛಿದ್ರಮನಸ್ಕತೆ, ಎಂದು ಕರೆಯುವ ರೋಗವು ಸಾಮಾನ್ಯವಾಗಿ ಹದಿನೆಂಟರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ತಲೆದೋರುತ್ತದೆ. ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು: ಈ ರೋಗವುಳ್ಳವರಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ; ಇತರರಿಂದ ಹಿಂಸೆಗೆ ಒಳಗಾಗುವವರೇ ಹೆಚ್ಚು. ಚಿಕಿತ್ಸೆ ಇಲ್ಲದಿರುವುದು ಅಥವಾ ಅರ್ಧದಲ್ಲಿ ನಿಂತಿರುವುದು, ಮದ್ಯ ಗಾಂಜಾಗಳ ಸೇವನೆ, ‘ಕೊಲ್ಲು’ ಎಂದು ಆಜ್ಞಾಪಿಸುವ ಧ್ವನಿ ಕಿವಿಯಲ್ಲಿ ಕೇಳುವುದು, ಮನೆಯವರೇ ತನ್ನ ಶತ್ರುಗಳೆಂಬ ದೃಢವಾದ ಮಿಥ್ಯಾ ನಂಬಿಕೆ, ಇವು ಒಟ್ಟುಗೂಡಿದಾಗ ಮಾತ್ರ ಅಪಾಯ ಹೆಚ್ಚುತ್ತದೆ. ಆಗ ತಾಯಿ ತಂದೆಗಳೇ ಏಕೆ ಗುರಿಯಾಗುತ್ತಾರೆ? ಸದಾ ಜೊತೆಯಲ್ಲಿರುವವರು ಅವರೇ. ಔಷಧ ನುಂಗೆಂದು ಒತ್ತಾಯಿಸುವವರು, ಹೊರಗೆ ಹೋಗಬೇಡವೆಂದು ತಡೆಯುವವರು, ಉಣಿಸುವವರು, ಎಲ್ಲರೂ ಅವರೇ. ರೋಗವು ಹುಟ್ಟಿಸಿದ ಸಂಶಯಕ್ಕೆ ಅತ್ಯಂತ ಸಮೀಪದ ಮುಖವೇ ಶತ್ರುವಿನ ಮುಖವಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಇಂತಹ ಯುವಕನನ್ನು ಮೊದಲು ಕರೆದೊಯ್ಯುವುದು ಮಾಟ ತೆಗೆಯುವವರ ಬಳಿಗೆ. ತಾಯತ ಕಟ್ಟಿಸುತ್ತಾರೆ, ದೆವ್ವ ಬಿಡಿಸುತ್ತಾರೆ, ‘ಮದುವೆ ಮಾಡಿದರೆ ಸರಿಹೋದಾನು’ ಎಂದು ಮದುವೆ ಮಾಡುತ್ತಾರೆ. ಅಮೂಲ್ಯವಾದ ಮೊದಲ ತಿಂಗಳುಗಳು ಹೀಗೆ ಕಳೆದುಹೋಗುತ್ತವೆ. ಪಾಪ, ಬಂದ ಸೊಸೆಯ ಬಾಳೂ ಸಂಕಟಕ್ಕೆ ಸಿಲುಕುತ್ತದೆ. ದೇವರಿಗೆ ಹರಕೆ ಹೊರುವುದನ್ನು, ಶ್ರೀಮಠಕ್ಕೆ ಬಂದು ಗುರುಗಳ ಆಶೀರ್ವಾದ ಪಡೆಯುವುದನ್ನು ಯಾರೂ ಬೇಡವೆನ್ನುವುದಿಲ್ಲ. ಅದು ವೈದ್ಯರ ಚಿಕಿತ್ಸೆಯೊಡನೆ ನಡೆಯಲಿ, ಚಿಕಿತ್ಸೆಯ ಬದಲಿಗೆ ಬೇಡ. ಆಯುರ್ವೇದ ವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳುವುದು ನನ್ನ ಕರ್ತವ್ಯ. ಬ್ರಾಹ್ಮಿ, ಶಂಖಪುಷ್ಪಿ, ಶಿರೋಧಾರೆಗಳ ಮೇಲಿನ ನಂಬಿಕೆಯಿಂದ ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಆಯುರ್ವೇದದ ಉಪಚಾರ ಬೇಕೆನಿಸಿದರೆ ಇಬ್ಬರು ವೈದ್ಯರಿಗೂ ತಿಳಿಸಿ, ಪೂರಕವಾಗಿ ಮಾತ್ರ ಪಡೆಯಬೇಕು. ಮಾತ್ರೆ ನಿಲ್ಲಿಸಿದ ಕೆಲವು ವಾರಗಳು ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತವೆ. ರೋಗವು ಮರುಕಳಿಸುವುದು ಅದರ ಬಳಿಕ.

ಎರಡನೆಯದು: ಮನೆಯೊಳಗಿನ ಹಿಂಸೆ

ಎರಡನೆಯ ಬಗೆಯದು ಕೇಳಲು ಕಠಿಣವಾದ ವಿಷಯ. 1968ರಲ್ಲಿ ಜಪಾನ್ ದೇಶದ ತೊಚಿಗಿ ಪ್ರಾಂತದಲ್ಲಿ 29 ವರ್ಷದ ಮಹಿಳೆಯೊಬ್ಬಳು ತನ್ನ ತಂದೆಯನ್ನು ಕೊಂದಳು. ಹದಿನಾಲ್ಕನೆಯ ವಯಸ್ಸಿನಿಂದ ಆ ತಂದೆಯೇ ಅವಳ ಮೇಲೆ ಅತ್ಯಾಚಾರ ನಡೆಸುತ್ತ ಬಂದಿದ್ದನು. ಅವಳು ಬೇರೊಬ್ಬನನ್ನು ಮದುವೆಯಾಗಬೇಕೆಂದಾಗ ಕೂಡಿಹಾಕಿ ಪೀಡಿಸಿದ್ದನು. ಆಗಿನ ಜಪಾನಿನ ಕಾನೂನಿನಲ್ಲಿ ಹಿರಿಯರನ್ನು ಕೊಂದವರಿಗೆ ಮರಣದಂಡನೆ ಅಥವಾ ಜೀವಾವಧಿ ಸೆರೆಯೇ ವಿಧಿಯಾಗಿತ್ತು. 1973ರ ಏಪ್ರಿಲ್ 4ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನೇ ಸಂವಿಧಾನಬಾಹಿರವೆಂದು ಘೋಷಿಸಿ, ಅವಳಿಗೆ ಎರಡೂವರೆ ವರ್ಷಗಳ ಶಿಕ್ಷೆ ವಿಧಿಸಿ ಅದನ್ನೂ ಅಮಾನತಿನಲ್ಲಿಟ್ಟಿತು. ಹಿರಿಯರ ಮೇಲಿನ ಗೌರವಕ್ಕೆ ನಮ್ಮಷ್ಟೇ ಬೆಲೆ ಕೊಡುವ ಆ ದೇಶದ ನ್ಯಾಯಾಲಯ ಈ ತೀರ್ಪನ್ನು ನೀಡಿತೆಂಬುದನ್ನು ಗಮನಿಸಬೇಕು.

ಕೊಲೆಯನ್ನು ಇದು ಸಮರ್ಥಿಸುವುದಿಲ್ಲ. ಆದರೆ ಪಿತೃಭಕ್ತಿಯನ್ನು ಮಕ್ಕಳಿಗೆ ಬೋಧಿಸುವ ನಾವು ಪಿತೃಧರ್ಮವನ್ನು ತಂದೆಯರಿಗೆ ಬೋಧಿಸುವುದಿಲ್ಲವೆಂಬುದೂ ನಿಜ. ಸಾಯಂಕಾಲ ಕುಡಿದು ಬಂದು ಹೆಂಡತಿಯನ್ನು ಬಡಿಯುವವನ ಮನೆಯಲ್ಲಿ ಮೂಲೆಗೆ ಅಂಟಿ ನಿಂತ ಐದು ವರ್ಷದ ಮಗುವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಮಗುವಿಗೆ ಹದಿನೇಳು ತುಂಬುತ್ತದೆ, ತೋಳಿನಲ್ಲಿ ಬಲ ಬರುತ್ತದೆ. ಒಂದು ರಾತ್ರಿ ಅವ್ವನ ಮೇಲೆ ಎತ್ತಿದ ಕೈಯನ್ನು ಅವನು ಹಿಡಿಯುತ್ತಾನೆ. ಮುಂದೆ ಏನಾಗುವುದೆಂದು ಹೇಳಬರುವುದಿಲ್ಲ. ಹನ್ನೆರಡು ವರ್ಷಗಳ ಸಂಚಯಕ್ಕೆ ಒಂದು ಕ್ಷಣದ ಭೇದ.

ಇದರ ನಿವಾರಣೆ ಮಗನಿಂದ ಆರಂಭವಾಗುವುದಿಲ್ಲ, ತಂದೆಯ ಮದ್ಯಪಾನ ಬಿಡಿಸುವುದರಿಂದ ಆರಂಭವಾಗುತ್ತದೆ. ಮಕ್ಕಳಿಗೆ ತೊಂದರೆಯಾದರೆ 1098, ಮಹಿಳೆಯರಿಗಾದರೆ 181 ಸಂಖ್ಯೆಯ ದೂರವಾಣಿಯ ನೆರವಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯ್ದೆಯೂ ಇವೆ. ನೆರೆಹೊರೆಯವರು ‘ಅದು ಅವರ ಮನೆಯ ವಿಚಾರ’ ಎಂದು ಬಾಗಿಲು ಮುಚ್ಚಿಕೊಳ್ಳಬಾರದು.

ಮೂರನೆಯದು: ಲೋಭ ಮತ್ತು ಮದ

ಆಸ್ತಿಗಾಗಿ, ಹಣಕ್ಕಾಗಿ, ಕುಡಿಯಲು ಕಾಸು ಕೊಡಲಿಲ್ಲವೆಂಬ ಕೋಪಕ್ಕಾಗಿ ನಡೆಯುವ ಕೊಲೆಗಳು ಈ ಬಗೆಗೆ ಸೇರುತ್ತವೆ. ಅಜಾತಶತ್ರುವಿಗೆ ಮಗಧದ ಸಿಂಹಾಸನ ಬೇಕಾಗಿತ್ತು. ಇಂದಿನವನಿಗೆ ಎರಡು ಎಕರೆ ಹೊಲ ಅಥವಾ ಊರ ಪಕ್ಕದ ನಿವೇಶನ ಬೇಕಾಗಿದೆ. ವಸ್ತು ಬೇರೆ, ಲೋಭ ಒಂದೇ.

ಬುದ್ಧಿ, ಧೃತಿ, ಸ್ಮೃತಿ ಈ ಮೂರೂ ಭ್ರಷ್ಟವಾದಾಗ ಮನುಷ್ಯನು ಮಾಡುವ ಅಕಾರ್ಯವನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದು ಕರೆದಿದ್ದಾರೆ. ಯಾವುದು ಹಿತ, ಯಾವುದು ಅಹಿತ ಎಂದು ತಿಳಿಯುವುದು ಬುದ್ಧಿ. ತಿಳಿದ ಮೇಲೆ ಮನಸ್ಸನ್ನು ಹಿಡಿದು ನಿಲ್ಲಿಸುವುದು ಧೃತಿ. ತಾನು ಯಾರು, ಎದುರಿಗಿರುವವರು ಯಾರು ಎಂಬ ನೆನಪು ಸ್ಮೃತಿ. ಮದ್ಯವು ಈ ಮೂರನ್ನೂ ಒಂದೇ ಏಟಿಗೆ ಸಡಿಲಿಸುತ್ತದೆ. ಮದಾತ್ಯಯಕ್ಕೆ ಚರಕಸಂಹಿತೆಯಲ್ಲಿ ಪ್ರತ್ಯೇಕ ಅಧ್ಯಾಯವೇ ಇರುವುದು ಅದನ್ನು ರೋಗವೆಂದು ಬಗೆದುದರಿಂದ. ವ್ಯಸನಿಗೆ ಉಪದೇಶ ಮಾತ್ರ ಸಾಲದು, ಚಿಕಿತ್ಸೆ ಬೇಕು. ಬಹುಕಾಲ ಕುಡಿದವನು ಒಮ್ಮೆಲೇ ಬಿಟ್ಟರೆ ಕೈನಡುಕ, ಮೂರ್ಛೆ, ಬುದ್ಧಿಭ್ರಮೆಗಳು ಉಂಟಾಗಬಹುದು. ಆದಕಾರಣ ಬಿಡಿಸುವುದೂ ವೈದ್ಯರ ಕಣ್ಣೆದುರಿಗೇ ಆಗಬೇಕು.

ಆಸ್ತಿಯ ವಿಷಯದಲ್ಲಿ ಒಂದು ಕಾನೂನನ್ನು ಎಲ್ಲರೂ ತಿಳಿದಿರುವುದು ಒಳಿತು. ವೀರಶೈವರು, ಲಿಂಗಾಯತರು ಎಂದು ಹೆಸರಿಸಿಯೇ ನಮಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೆಯ ಕಲಮಿನಂತೆ, ಕೊಲೆ ಮಾಡಿದವನಿಗೆ ಕೊಲೆಯಾದವರ ಆಸ್ತಿಯಲ್ಲಿ ಉತ್ತರಾಧಿಕಾರವಿಲ್ಲ. ಯಾವುದಕ್ಕಾಗಿ ಪಾಪವನ್ನು ಕಟ್ಟಿಕೊಂಡನೋ ಅದೂ ಅವನಿಗೆ ದಕ್ಕುವುದಿಲ್ಲ. ಹಿರಿಯರು ಕೈಕಾಲು ಗಟ್ಟಿಯಿರುವಾಗಲೇ ಪಾಲುಪತ್ರವನ್ನು ಸ್ಪಷ್ಟವಾಗಿ ಮಾಡಿಟ್ಟರೆ ಎಷ್ಟೋ ಮನೆಗಳ ಹೊಗೆ ಹೊತ್ತಿ ಉರಿಯುವ ಮೊದಲೇ ಆರುತ್ತದೆ.

ನಿರೀಕ್ಷೆಯ ಭಾರ ಮತ್ತು ಸೇವೆಯ ಆಯಾಸ

ಈ ಮೂರರಲ್ಲಿ ಪೂರ್ಣವಾಗಿ ಅಡಕವಾಗದ ಎರಡು ಸನ್ನಿವೇಶಗಳಿವೆ. 1980ರಲ್ಲಿ ಜಪಾನಿನಲ್ಲಿ, ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣನಾದ 20 ವರ್ಷದ ಯುವಕನೊಬ್ಬನು ತನ್ನ ತಾಯಿ ತಂದೆಗಳನ್ನು ಬೇಸ್‌ಬಾಲ್ ಆಟದ ದಾಂಡಿನಿಂದ ಹೊಡೆದು ಕೊಂದನು. ಇಡೀ ದೇಶವೇ ಬೆಚ್ಚಿ, ಪರೀಕ್ಷೆಯ ಒತ್ತಡದ ಕುರಿತು ಚರ್ಚಿಸಿತು. ನೀಟ್, ಸಿಇಟಿಗಳ ಹೆಸರಿನಲ್ಲಿ ಮಕ್ಕಳನ್ನು ಎರಡು ವರ್ಷ ವಸತಿ ಕಾಲೇಜುಗಳಲ್ಲಿ ಕೂಡಿಹಾಕುವ ನಾವೂ ಯೋಚಿಸಬೇಕು. ಅಂಕಗಳ ಹೊರತು ಬೇರೆ ಮಾತೇ ಇಲ್ಲದ ಮನೆಯಲ್ಲಿ ಮಗುವು ಸುಳ್ಳು ಹೇಳಲು ಕಲಿಯುತ್ತದೆ. ಸುಳ್ಳು ಬಯಲಾಗುವ ಭಯದಲ್ಲಿ ತನ್ನ ಪ್ರಾಣಕ್ಕೋ, ಅಪರೂಪಕ್ಕೆ ಇತರರ ಪ್ರಾಣಕ್ಕೋ ಮುಳುವಾಗುತ್ತದೆ.

ಇನ್ನೊಂದು ವೃದ್ಧಾಪ್ಯದ್ದು. ಹಾಸಿಗೆ ಹಿಡಿದ, ನೆನಪು ಕೆಟ್ಟ ಹಿರಿಯರನ್ನು ಹಗಲೂ ರಾತ್ರಿಯೂ ಒಬ್ಬರೇ ನೋಡಿಕೊಳ್ಳಬೇಕಾದಾಗ ಎಂತಹ ಸಹನಶೀಲರಿಗೂ ಧೃತಿ ಕುಂದುತ್ತದೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಕೆಲವೆಡೆ ಹಾಸಿಗೆ ಹಿಡಿದ ವೃದ್ಧರನ್ನು ಮನೆಯವರೇ ‘ಕಳುಹಿಸಿಕೊಡುವ’ ತಲೈಕೂತಲ್ ಎಂಬ ಗುಪ್ತ ರೂಢಿಯಿರುವುದು 2010ರ ಸುಮಾರಿಗೆ ಪತ್ರಿಕೆಗಳ ಮೂಲಕ ಬೆಳಕಿಗೆ ಬಂದಿತು. ಬಡತನ, ಆಯಾಸ, ವೈದ್ಯಕೀಯ ನೆರವಿನ ಅಭಾವ ಇವು ಅದರ ಹಿಂದಿದ್ದವು. ಅಷ್ಟು ದೂರ ಹೋಗದಿದ್ದರೂ ಹೊತ್ತಿಗೆ ಅನ್ನ ನೀಡದೆ, ಔಷಧ ಕೊಡಿಸದೆ ನಿಧಾನವಾಗಿ ಸಾಯಗೊಡುವುದು ನಮ್ಮ ನಡುವೆ ಇಲ್ಲದಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯು ಇಂತಹವರ ರಕ್ಷಣೆಗಾಗಿಯೇ ಇದೆ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇವೆಯನ್ನು ಸರದಿಯಂತೆ ಹಂಚಿಕೊಂಡರೆ ಕಾನೂನಿನ ಅಗತ್ಯವೇ ಬೀಳುವುದಿಲ್ಲ. ದಾಸೋಹವೆಂಬುದು ಮಠದಲ್ಲಿ ಮಾತ್ರ ನಡೆಯಬೇಕಾದುದಲ್ಲ. ಹಾಸಿಗೆ ಹಿಡಿದ ತಾಯಿಗೆ ತುತ್ತು ಉಣಿಸುವುದೂ ದಾಸೋಹವೇ.

ಎಚ್ಚರಿಕೆಯ ಲಕ್ಷಣಗಳು

ಈ ಕೆಳಗಿನವುಗಳಲ್ಲಿ ಯಾವುದಾದರೂ ಮನೆಯಲ್ಲಿ ಕಂಡುಬಂದರೆ ತಡಮಾಡಬಾರದು.

1. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಕೋಣೆಯಿಂದ ಹೊರಬಾರದಿರುವುದು, ಸ್ನಾನ ಊಟಗಳಲ್ಲಿ ನಿರಾಸಕ್ತಿ.
2. ಒಬ್ಬನೇ ಮಾತನಾಡುವುದು, ನಗುವುದು, ಯಾರೋ ಆಜ್ಞೆ ಮಾಡುತ್ತಿರುವರೆನ್ನುವುದು.
3. ಊಟದಲ್ಲಿ ವಿಷವಿದೆ, ಇವರು ನನ್ನ ನಿಜವಾದ ತಾಯಿ ತಂದೆಗಳಲ್ಲ, ನನಗೆ ಮಾಟ ಮಾಡಿಸಿದ್ದಾರೆ ಎಂಬ ಹಟದ ನಂಬಿಕೆ.
4. ‘ಕೊಲ್ಲುತ್ತೇನೆ’ ಎಂಬ ಬೆದರಿಕೆ, ಹಿಂದೆ ಒಮ್ಮೆಯಾದರೂ ಹೆತ್ತವರ ಮೇಲೆ ಕೈ ಮಾಡಿರುವುದು, ದಿಂಬಿನ ಕೆಳಗೆ ಆಯುಧ ಇಟ್ಟುಕೊಳ್ಳುವುದು.
5. ಮಾನಸಿಕ ರೋಗದ ಮಾತ್ರೆಗಳನ್ನು ನಿಲ್ಲಿಸಿರುವುದು, ಜೊತೆಗೆ ಮದ್ಯ ಅಥವಾ ಗಾಂಜಾ ಸೇವನೆ.

ಬೆದರಿಕೆಯನ್ನು ‘ಸಿಟ್ಟಿನಲ್ಲಿ ಅಂದ ಮಾತು’ ಎಂದು ಎಂದಿಗೂ ಅಲಕ್ಷಿಸಬಾರದು. ಮಿಥ್ಯಾ ನಂಬಿಕೆಯುಳ್ಳವನೊಡನೆ ವಾದ ಮಾಡಬಾರದು, ಅಣಕಿಸಬಾರದು, ಕಟ್ಟಿಹಾಕಿ ಹೊಡೆಯಬಾರದು. ಮೃದುವಾದ ಧ್ವನಿಯಲ್ಲಿ ಮಾತನಾಡಿ, ಬಾಗಿಲಿಗೆ ಸಮೀಪವಾಗಿ ನಿಲ್ಲಬೇಕು. ಕೊಡಲಿ, ಕುಡುಗೋಲು, ಮಚ್ಚು, ಹೊಲಕ್ಕೆ ಹೊಡೆಯುವ ಔಷಧಗಳನ್ನು ಅವನ ಕೈಗೆ ಸಿಗದಂತೆ ಬೇರೆಡೆ ಇರಿಸಬೇಕು. ಅಪಾಯ ಸಮೀಪಿಸಿತೆನಿಸಿದರೆ ಮನೆಯಿಂದ ಹೊರಬಂದು 112 ಸಂಖ್ಯೆಗೆ ಕರೆ ಮಾಡಬೇಕು. ಮಗನನ್ನು ಬಿಟ್ಟು ಹೊರಬಂದೆನೆಂದು ತಾಯಿ ನೊಂದುಕೊಳ್ಳಬೇಕಾಗಿಲ್ಲ. ತಾಯಿಯನ್ನು ಉಳಿಸಿಕೊಳ್ಳುವುದು ಆ ಮಗನನ್ನು ಉಳಿಸಿಕೊಳ್ಳುವ ದಾರಿಯೂ ಹೌದು.

ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರ ಸೇವೆಯಿದೆ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾದುದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ರೋಗಿಯು ತಾನಾಗಿ ಬರಲು ಒಪ್ಪದಿದ್ದಾಗಲೂ, ಅಪಾಯವಿದ್ದ ಪಕ್ಷದಲ್ಲಿ ತಜ್ಞರ ಪರೀಕ್ಷೆಯ ಮೇರೆಗೆ ದಾಖಲು ಮಾಡಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅವಕಾಶವಿದೆ.

ದಿನಚರಿಯ ಪಾತ್ರ

ತೀವ್ರ ರೋಗಕ್ಕೆ ದಿನಚರಿಯೇ ಔಷಧವಲ್ಲ. ಆದರೆ ರೋಗವು ನೆಲೆಗೊಳ್ಳದಂತೆ ಮನೆಯನ್ನು ಕಾಯುವ ಶಕ್ತಿ ಅದಕ್ಕಿದೆ. ಸತ್ಯ, ಅಕ್ರೋಧ, ಮದ್ಯದಿಂದ ದೂರವಿರುವಿಕೆ, ಮಿತವಾದ ನಿದ್ರೆ ಎಚ್ಚರಗಳು, ಹಿರಿಯರ ಸೇವೆ ಇವುಗಳನ್ನು ಚರಕಾಚಾರ್ಯರು ಆಚಾರ ರಸಾಯನವೆಂದು ಕರೆದು ಔಷಧಗಳ ಸಾಲಿಗೇ ಸೇರಿಸಿದ್ದಾರೆ. ಇಷ್ಟಲಿಂಗ ಪೂಜೆಗೆ ಮನೆಯವರೆಲ್ಲ ಹೊತ್ತಿಗೆ ಸರಿಯಾಗಿ ಒಟ್ಟಿಗೆ ಕೂಡುವುದು, ದಿನಕ್ಕೊಮ್ಮೆಯಾದರೂ ಜೊತೆಯಲ್ಲಿ ಪ್ರಸಾದ ಸ್ವೀಕರಿಸುವುದು, ಊಟದ ಹೊತ್ತಿಗೆ ಮೊಬೈಲು ಬದಿಗಿಡುವುದು, ಇವು ಸಣ್ಣ ವಿಷಯಗಳಲ್ಲ. ಒಟ್ಟಿಗೆ ಕುಳಿತು ಉಣ್ಣುವ ಮನೆಯಲ್ಲಿ ಒಬ್ಬನ ಮುಖ ಬದಲಾದರೆ ಇನ್ನೊಬ್ಬರಿಗೆ ತಿಳಿಯುತ್ತದೆ.

ಕೃತ್ಯ ನಡೆದ ಬಳಿಕ

ಬುದ್ಧಿಯ ಅಸ್ವಸ್ಥತೆಯಿಂದ ತಾನು ಮಾಡುತ್ತಿರುವುದೇನೆಂದು ಅರಿಯಲಾಗದವನ ಕೃತ್ಯವನ್ನು ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಅಪರಾಧವೆಂದು ಎಣಿಸುವುದಿಲ್ಲ. ನ್ಯಾಯಾಲಯವು ಅವನನ್ನು ಚಿಕಿತ್ಸೆಗೆ, ರಕ್ಷಣೆಗೆ ಒಪ್ಪಿಸುತ್ತದೆ. ಔಷಧದಿಂದ ಬುದ್ಧಿ ತಿಳಿಯಾದ ದಿನ ಅವನಿಗೆ ಎದುರಾಗುವುದು ತಾನೇ ಮಾಡಿದ ಕೃತ್ಯ. ತಂದೆಯ ಆಜ್ಞೆಯಂತೆ ತಾಯಿ ರೇಣುಕೆಯ ಶಿರಚ್ಛೇದನ ಮಾಡಿದ ಪರಶುರಾಮನು ವರವಾಗಿ ಕೇಳಿದುದು ಅವಳು ಮರಳಿ ಬದುಕಲಿ, ನಡೆದುದು ಅವಳ ನೆನಪಿನಲ್ಲಿ ಉಳಿಯದಿರಲಿ ಎಂದು. ಪುರಾಣದ ಮಗನಿಗೆ ಆ ವರ ದೊರೆಯಿತು. ನಮ್ಮ ನಡುವಿನ ಮಗನಿಗೆ ಅದು ದೊರೆಯುವುದಿಲ್ಲ. ಉಳಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ದಿನದಲ್ಲಿ ಹೆತ್ತವರನ್ನೂ ಒಡಹುಟ್ಟಿದವನನ್ನೂ ಕಳೆದುಕೊಂಡಿರುತ್ತಾರೆ. ಅಂತಹ ಮನೆಗೆ ಹೆಣ್ಣು ಕೊಡಬಾರದು, ಅಲ್ಲಿಂದ ತರಬಾರದು ಎಂದು ಸಮಾಜವು ಬಹಿಷ್ಕರಿಸಿದರೆ, ಇನ್ನೊಂದು ಮನೆಯವರು ತಮ್ಮ ಮಗನ ರೋಗವನ್ನು ಇನ್ನಷ್ಟು ಆಳದಲ್ಲಿ ಬಚ್ಚಿಡುತ್ತಾರೆ. ಬಚ್ಚಿಟ್ಟಷ್ಟೂ ಅಪಾಯ ಬೆಳೆಯುತ್ತದೆ.

ಸದ್ಭಕ್ತರಲ್ಲಿ ವಿನಂತಿ ಇಷ್ಟೇ. ಮಗನಿಗೆ ಜ್ವರ ಬಂದಾಗ ಮುಚ್ಚಿಡದವರು ಮನಸ್ಸು ಕೆಟ್ಟಾಗ ಏಕೆ ಮುಚ್ಚಿಡಬೇಕು? ಮನೆಯಲ್ಲಿ ಯಾರದಾದರೂ ವರ್ತನೆ ಬದಲಾಗಿದ್ದರೆ ಈ ವಾರದಲ್ಲಿಯೇ ಒಬ್ಬ ವೈದ್ಯರಿಗೆ ತೋರಿಸಿರಿ. ಹೇಳಿಕೊಳ್ಳಲು ಸಂಕೋಚವಾದರೆ ಮೊದಲು ಶ್ರೀಮಠಕ್ಕೆ ಬಂದು ಗುರುಗಳಲ್ಲಿ ಅರಿಕೆ ಮಾಡಿಕೊಳ್ಳಿರಿ, ಅನಂತರ ಆಸ್ಪತ್ರೆಗೆ ಹೋಗಿರಿ. ಸಂಚಯದ ಹಂತದಲ್ಲಿ ಕಂಡ ರೋಗಕ್ಕೆ ಔಷಧವಿದೆ.